ಜಾತ್ರೆಯ ನಾಟಕಕ್ಕೆ ಆರು ಚಾನೆಲ್ಲಿನ ಡಿಮ್ಮರ್

ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ನನ್ನಂಥವರಿಗೆ ಎರಡು ತಿಂಗಳು ಸಂಜೆಯ ಹೊತ್ತು ಖಾಲಿ ಸಿಗುತ್ತದೆ. ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ನನ್ನ ಕೆಲಸ, ಊರು ಜಮಖಂಡಿ ತಾಲೂಕಿನಲ್ಲಿ. ಜಾತ್ರೆಗೆ ವರ್ಷವೂ ಊರ ಹುಡುಗರೇ ಒಂದು ಸಾಮಾಜಿಕ ನಾಟಕ ಆಡುತ್ತಾರೆ. ಪರದೆ, ಸೀನರಿ ಬಾಡಿಗೆಗೆ ಬರುತ್ತವೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಹಾರ್ಮೋನಿಯಂ ಮಾಸ್ತರು ಪಕ್ಕದೂರಿನವರು. ಲೈಟು ಮಾತ್ರ ನಮ್ಮ ಮನೆಯ ಜವಾಬ್ದಾರಿ. ಅದು ಕಾಕಾನ ಕಾಲದಿಂದ ಬಂದದ್ದು. ಈ ಸಲ ದೀಪಗಳನ್ನು ಬೇಕಾದಷ್ಟು ಮಂದ ಮಾಡುವ ಡಿಮ್ಮರನ್ನು ನಾನೇ ಕಟ್ಟಿದೆ, ಆರು ದೀಪಕ್ಕೆ ಆರು ಚಾನೆಲ್ಲು.

ಕಾಕಾಗೆ ಈಗ ಎಪ್ಪತ್ತೆಂಟು. ಹುಡುಗರಿದ್ದಾಗ ಒಂದು ನಾಟಕ ಕಂಪನಿಯ ಬೆನ್ನು ಹತ್ತಿ ಮೂರು ವರ್ಷ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿದವರು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಉಪ್ಪುನೀರಿನ ಡಿಮ್ಮರ್ ನೋಡಿಕೊಳ್ಳುವುದು. ಮಣ್ಣಿನ ಪೈಪನ್ನು ನೆಟ್ಟಗೆ ನಿಲ್ಲಿಸಿ ಅಡಿಗೆ ಒಂದು ತಾಮ್ರದ ತಗಡು ಇಡುವುದು, ಉಪ್ಪು ಕಲಸಿದ ನೀರು ತುಂಬುವುದು, ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಇನ್ನೊಂದು ತಗಡನ್ನು ಇಳಿಬಿಡುವುದು. ಎರಡು ತಗಡು ಹತ್ತಿರವಾದಷ್ಟೂ ದೀಪ ಉಜ್ವಲ, ಮೇಲೆ ಎಳೆದಷ್ಟೂ ಮಂದ. ಮೂರನೇ ಅಂಕದ ಹೊತ್ತಿಗೆ ನೀರು ಕುದಿಯಲು ಹತ್ತುತ್ತಿತ್ತಂತೆ. ನೀರು ಕಡಿಮೆಯಾದರೆ ಮತ್ತೆ ಹಾಕಬೇಕು, ಅದೂ ಕರೆಂಟು ಹರಿಯುತ್ತಿರುವ ಪೈಪಿನೊಳಗೆ, ಕೈಯಲ್ಲಿ ತಂಬಿಗೆ ಹಿಡಿದು. ಕಾಕಾ ಇದನ್ನು ನಗುತ್ತಲೇ ಹೇಳುತ್ತಾರೆ. ನನಗೆ ಮಾತ್ರ ಕೇಳಿದಾಗಲೆಲ್ಲ ಬೆನ್ನಹುರಿಯಲ್ಲಿ ಚಳಿ ಇಳಿಯುತ್ತದೆ.

ಕಳೆದ ವರ್ಷದವರೆಗೂ ನಮ್ಮಲ್ಲಿ ಇದ್ದದ್ದು ಒಂದು ಸ್ವಿಚ್ ಬೋರ್ಡು, ಎರಡು ಫ್ಯಾನ್ ರೆಗ್ಯುಲೇಟರು. ರೆಗ್ಯುಲೇಟರಿಗೆ ಐದುನೂರು ವ್ಯಾಟಿನ ಹ್ಯಾಲೋಜನ್ ಕಟ್ಟಬಾರದು ಎಂಬುದು ಎರಡನೆಯದೂ ಸುಟ್ಟ ಮೇಲೆ ಎಲ್ಲರಿಗೂ ಗೊತ್ತಾಯಿತು. ಶ್ರೀಕೃಷ್ಣ ಪಾರಿಜಾತದ ಬಯಲಾಟದ ಮೇಳಕ್ಕಾದರೆ ಎರಡು ದೊಡ್ಡ ದೀಪ ಬೆಳಗಿನವರೆಗೆ ಒಂದೇ ಸಮ ಉರಿದರೂ ಸಾಕು, ಆಟ ನಿಂತಿರುವುದೇ ಹಾಡಿನ ಮೇಲೆ. ಸಾಮಾಜಿಕ ನಾಟಕದವರಿಗೆ ಹಾಗಲ್ಲ. ತಾಯಿ ಸಾಯಬೇಕು, ಬೆಳಕು ಅವಳೊಂದಿಗೆ ಮೆಲ್ಲಗೆ ಆರಬೇಕು.

ಸ್ಟೇಜಿಗೆಂದೇ ಬರುವ ಎಲ್‌ಇಡಿ ಪಾರ್ ಲೈಟು ಬಾಡಿಗೆಗೆ ಸಿಗುತ್ತವಲ್ಲ ಎಂದು ಬಹಳ ಜನ ಕೇಳಿದರು. ಸಿಗುತ್ತವೆ, ಒಳ್ಳೆಯವೂ ಇವೆ. ಆದರೆ ಆರು ಹ್ಯಾಲೋಜನ್ ಫಿಟ್ಟಿಂಗು ಮನೆಯಲ್ಲೇ ಬಿದ್ದಿದ್ದವು. ಮೇಲಾಗಿ ಟಂಗ್‌ಸ್ಟನ್ ತಂತಿ ಆರುವಾಗ ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ಕೆಂಡದ ಹಾಗೆ ಕಂಡು ಕಪ್ಪಾಗುತ್ತದೆ. ಬಾಡಿಗೆಗೆ ಬರುವ ಅಗ್ಗದ ಎಲ್‌ಇಡಿ ಕೊನೆಯ ಮೆಟ್ಟಿಲಿನಿಂದ ಕತ್ತಲೆಗೆ ಧೊಪ್ಪನೆ ಬೀಳುತ್ತದೆ. ಕಾಕಾಗೆ ಆ ಕೆಂಪು ಬೇಕೇ ಬೇಕು.

ಕೆಲಸದ ತತ್ವ ಸರಳ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಆಡುತ್ತದೆ, ಅಂದರೆ ನೂರು ಅರ್ಧ ಅಲೆ, ಒಂದೊಂದಕ್ಕೆ 10 ಮಿಲಿಸೆಕೆಂಡು. ಟ್ರಯಾಕ್ ಎಂಬುದು ವಿಚಿತ್ರ ಸ್ವಭಾವದ ತೂಬು. ತೆರೆಯುವುದು ನಮ್ಮ ಕೈಯಲ್ಲಿ, ಮುಚ್ಚುವುದು ಮಾತ್ರ ಹರಿವು ತಾನಾಗಿ ನಿಂತಾಗ. ಪ್ರತಿ ಅರ್ಧ ಅಲೆ ಸೊನ್ನೆ ದಾಟಿದ ಮೇಲೆ ಎಷ್ಟು ತಡಮಾಡಿ ತೂಬು ತೆರೆಯುತ್ತೇವೋ ಅಷ್ಟು ಕಡಿಮೆ ಕರೆಂಟು ದೀಪಕ್ಕೆ. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕದ ಕೆಲಸ ಇಷ್ಟೆ: ಸೊನ್ನೆ ಯಾವಾಗ ಬಂತೆಂದು ನೋಡು, ಎಣಿಸು, ಆರು ಟ್ರಯಾಕುಗಳಿಗೆ ಅವವುಗಳ ಹೊತ್ತಿಗೆ ಒಂದು ಚಿಟಿಕೆ ಕೊಡು. ಇದನ್ನು ಸೆಕೆಂಡಿಗೆ ನೂರು ಸಲ ತಪ್ಪದೆ ಮಾಡು.

ಸಾಮಾನು ಹೇಳಿಬಿಡುತ್ತೇನೆ. ತಲೆಗೆ ಆರ್ಡುಯಿನೋ ನ್ಯಾನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು. ಚಾನೆಲ್ಲಿಗೊಂದು ಬಿಟಿಎ16 ಟ್ರಯಾಕ್, ಅದನ್ನು ಚುಚ್ಚಲು ಎಂಒಸಿ3021 ಆಪ್ಟೋ (ತಂತಿಯ ಬದಲು ಬೆಳಕಿನಿಂದ ಸಂಕೇತ ದಾಟಿಸುವ ಚಿಪ್ಪು), ಗೇಟಿಗೆ 330 ಓಮ್. ಆಪ್ಟೋದ ಎಲ್‌ಇಡಿಗೆ 15 ಮಿಲಿಆಂಪ್ ಬೇಕಾಗಬಹುದು, ಅದಕ್ಕೇ ನ್ಯಾನೋದ ಪಿನ್ನಿನಿಂದ 180 ಓಮ್ ಹಾಕಿದೆ. ಆರೂ ಒಟ್ಟಿಗೆ ಹೊಡೆದರೂ ಚಿಪ್ಪು ತಡೆಯುವ 200 ಮಿಲಿಆಂಪಿನ ಒಳಗೇ ಇರುತ್ತದೆ. ಸೊನ್ನೆ ಹಿಡಿಯಲು ಎಚ್11ಎಎ1 ಎಂಬ ಇನ್ನೊಂದು ಆಪ್ಟೋ, ಅದಕ್ಕೆ ಮುಖ್ಯ ಲೈನಿನಿಂದ ಎರಡು 47 ಕಿಲೋಓಮ್ ಸಾಲಾಗಿ. ಒಂದೇ ದೊಡ್ಡದು ಹಾಕಬಹುದಲ್ಲ ಎನ್ನಬೇಡಿ. 230 ವೋಲ್ಟು ಎಂದರೆ ಅಲೆಯ ತುದಿಯಲ್ಲಿ 325, ಸಣ್ಣ ರೆಸಿಸ್ಟರು ಅಷ್ಟು ವೋಲ್ಟೇಜನ್ನು ವರ್ಷಗಟ್ಟಲೆ ತಡೆಯುವುದಿಲ್ಲ. ಚಾನೆಲ್ಲಿಗೊಂದು ಫ್ಯೂಸು, ಒಟ್ಟಿಗೆ 16 ಆಂಪಿನ ಎಂಸಿಬಿ. ಆರು ದೀಪ ಸೇರಿ 3000 ವ್ಯಾಟು, 13 ಆಂಪ್, ಸರಿಹೋಯಿತು.

ಮೊದಲ ಎರಡು ವಾರ ಏನೂ ಉರಿಯಲಿಲ್ಲ.

ಬೆಳಗಾವಿಗೆ ಬೇರೆ ಕೆಲಸಕ್ಕೆ ಹೋದಾಗ ಆಪ್ಟೋ ತಂದಿದ್ದೆ. ನಾನು ಕೇಳಿದ್ದು 3021, ಅಂಗಡಿಯವರು ಕೊಟ್ಟದ್ದು 3041. "ಎರಡೂ ಒಂದರೀ, ಆರು ಕಾಲ ಅದಾವಲ್ಲ" ಎಂದರು. ನಾನೂ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ, ಮೈಮೇಲಿನ ಅಕ್ಷರ ಓದಲಿಲ್ಲ. ಬೋರ್ಡು ಕಟ್ಟಿ, ಪ್ರೋಗ್ರಾಮು ಬರೆದು, ಚಿಟಿಕೆ ಕೊಟ್ಟರೆ ದೀಪ ಸತ್ತಂತೆ ಕೂತಿದೆ. ಪಿನ್ನನ್ನು ಒಂದೇ ಸಮ ಎತ್ತಿ ಹಿಡಿದರೆ ಪೂರ್ತಿ ಬೆಳಕು. ನಡುವೆ ಏನೂ ಇಲ್ಲ. ಪ್ರೋಗ್ರಾಮಿನಲ್ಲೇ ದೋಷ ಎಂದು ನಾಲ್ಕು ರಾತ್ರಿ ಅದನ್ನೇ ತಿಕ್ಕಿದೆ. 3041ರ ಹೊಟ್ಟೆಯೊಳಗೆ ಅದರದೇ ಒಂದು ಕಾವಲುಗಾರ ಇದ್ದಾನೆ. ಸೊನ್ನೆಯ ಹತ್ತಿರ ಬಿಟ್ಟು ಬೇರೆ ಯಾವ ಹೊತ್ತಿಗೂ ಅವನು ಬಾಗಿಲು ತೆರೆಯಗೊಡುವುದಿಲ್ಲ. ಹೀಟರಿಗೆ ಅದು ಒಳ್ಳೆಯದು, ಡಿಮ್ಮರಿಗೆ ಶುದ್ಧ ನಿರುಪಯೋಗಿ. ಐಸಿ ಬೇಸ್ ಹಾಕಿದ್ದೆನಾದ್ದರಿಂದ ಆರನ್ನೂ ಕಿತ್ತು ಬೇರೆಯವು ಕೂರಿಸಲು ಹತ್ತು ನಿಮಿಷ ಸಾಕಾಯಿತು. ಆ ಆರು 3041 ಈಗಲೂ ಡಬ್ಬಿಯಲ್ಲಿವೆ, ಯಾವಾಗಲಾದರೂ ಗೀಸರಿಗೆ ಆದಾವು.

ಟ್ರಯಾಕಿನದೂ ಒಂದು ಕಥೆ. ಮೊದಲ ಬೋರ್ಡಿಗೆ ಬಿಟಿ136 ಹಾಕಿದ್ದೆ. ನಾಲ್ಕು ಆಂಪಿನದು, ದೀಪ ಎಳೆಯುವುದು 2.2 ಆಂಪ್, ಧಾರಾಳವಾಯಿತು ಎಂಬ ಲೆಕ್ಕ. ಒಂದು ಸಂಜೆ ಕಾಕಾ ಉರಿಯುತ್ತಿದ್ದ ದೀಪದ ಸ್ಟ್ಯಾಂಡನ್ನು ಸ್ವಲ್ಪ ಸರಿಸಿದರು, ತಂತಿ ಟಪ್ಪೆಂದು ಹರಿಯಿತು, ಜೊತೆಗೆ ಟ್ರಯಾಕೂ ಹೋಯಿತು. ಫ್ಯೂಸು ಮಾತ್ರ ಗಟ್ಟಿಯಾಗಿಯೇ ಇತ್ತು. ಹರಿದ ತಂತಿಯ ತುದಿಗಳ ನಡುವೆ ಕ್ಷಣ ಹೊತ್ತು ಮಿಂಚಿನ ಹಾಗೆ ಕರೆಂಟು ಹಾಯುತ್ತದೆ, ಅದರ ಮುಂದೆ ಫ್ಯೂಸಿನ ವೇಗ ಯಾವ ಲೆಕ್ಕಕ್ಕೂ ಇಲ್ಲ. ಹೊಸ ದೀಪ ಹಾಕಿದರೆ ಅದು ಪ್ರೋಗ್ರಾಮಿಗೆ ಕೇರೇ ಎನ್ನದೆ ಪೂರ್ತಿ ಉರಿಯತೊಡಗಿತು. ಟ್ರಯಾಕ್ ಸತ್ತರೆ ಬಹುತೇಕ ತೆರೆದೇ ಸಾಯುತ್ತದೆ.

ಆಗ ಮಲ್ಟಿಮೀಟರ್ ಹಿಡಿದು ದೀಪವನ್ನೇ ಅಳೆದೆ. ಉರಿಯುವಾಗ ಅದರ ಪ್ರತಿರೋಧ ಲೆಕ್ಕದಂತೆ 106 ಓಮ್ ಇರಬೇಕು, ತಣ್ಣಗಿದ್ದಾಗ ತೋರಿಸಿದ್ದು ಏಳೂವರೆ. ಅಂದರೆ ತಣ್ಣನೆಯ ದೀಪಕ್ಕೆ ಅಲೆಯ ತುದಿಯಲ್ಲಿ ತೂಬು ತೆರೆದರೆ ಮೊದಲ ಏಟಿಗೆ ನಲವತ್ತು ಆಂಪಿನ ಮೇಲೆ. ಬಿಟಿ136 ಒಂದು ಏಟಿಗೆ ತಡೆಯುವುದು 25, ಬಿಟಿಎ16 ತಡೆಯುವುದು 160. ಬೆಲೆಯ ವ್ಯತ್ಯಾಸ ಒಂದು ಚಹಾದಷ್ಟು. ಇದರ ಮೇಲೆ ಬಿಟಿ136ರ ಲೋಹದ ಬೆನ್ನಿಗೆ ಲೈನು ನೇರವಾಗಿ ಅಂಟಿರುತ್ತದೆ. ಆರನ್ನೂ ಬಿಸಿ ಹೀರುವ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಆರೂ ಒಂದಾಗುತ್ತವೆ, ಮುಟ್ಟಿದವನಿಗೆ ಶಾಕು. ಬಿಟಿಎ ಜಾತಿಯದರ ಬೆನ್ನು ಒಳಗಿನಿಂದಲೇ ಬೇರ್ಪಟ್ಟಿದೆ. ಹಳೆಯ ಯುಪಿಎಸ್ಸಿನಿಂದ ಕಿತ್ತ ಅಲ್ಯುಮಿನಿಯಂ ಪಟ್ಟಿಗೆ ಆರನ್ನೂ ಸಾಲಾಗಿ ಬಿಗಿದೆ, ಪಟ್ಟಿಗೆ ಅರ್ಥಿಂಗ್ ಕೊಟ್ಟೆ. ಒಂದೊಂದು ಟ್ರಯಾಕಿನಲ್ಲಿ ಎರಡೂವರೆ ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ಕೈ ಇಟ್ಟರೆ ಬೆಚ್ಚಗೆ, ಅಷ್ಟೆ.

ಇದನ್ನು ಓದಿ ಯಾರಾದರೂ ಕಟ್ಟಲು ಹೊರಟರೆ ಒಂದೇ ಮಾತು: ಮೊದಲು ಸೀರೀಸ್ ಬೋರ್ಡು ಮಾಡಿಕೊಳ್ಳಿ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಇರುತ್ತದಲ್ಲ, ನೂರು ವ್ಯಾಟಿನ ಬಲ್ಬು ಸಾಲಿನಲ್ಲಿ ಹಾಕಿದ ಪ್ಲಗ್ಗು, ಅದು. ಒಳಗೆ ಎಲ್ಲಿ ಶಾರ್ಟ್ ಇದ್ದರೂ ಆ ಬಲ್ಬು ಉರಿಯುತ್ತದೆ, ಮನೆ ಉಳಿಯುತ್ತದೆ. ನನ್ನ ಬೋರ್ಡು ಮೂರು ಸಲ ಅದನ್ನು ಉರಿಸಿದೆ. ಮತ್ತೆ, ಲೈನಿನ ಭಾಗಕ್ಕೂ ಲ್ಯಾಪ್‌ಟಾಪಿಗೆ ಕಟ್ಟಿದ ನ್ಯಾನೋದ ಭಾಗಕ್ಕೂ ನಡುವೆ ಎಂಟು ಮಿಲಿಮೀಟರು ತಾಮ್ರವೇ ಇಲ್ಲದ ಹಾದಿ ಬಿಡಬೇಕು. ನಾನು ಆಪ್ಟೋಗಳ ಹೊಟ್ಟೆಯ ಕೆಳಗೆ ಹ್ಯಾಕ್ಸಾ ಬ್ಲೇಡಿನಿಂದ ಬೋರ್ಡನ್ನೇ ಸೀಳಿದ್ದೇನೆ. ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟು ಕೂರುವವನು ನಾನೇ ತಾನೆ.

ಕಾಕಾ ದಿನಾ ಸಂಜೆ ಬಂದು ಕುರ್ಚಿ ಎಳೆದು ಕೂರುತ್ತಿದ್ದರು. ಎಲ್ಲ ನೋಡಿ ಒಂದು ದಿನ ಕೇಳಿದರು, "ಎಲ್ಲಾ ಖರೆ ತಮ್ಮಾ, ಇದ್ರಾಗ ಉಪ್ಪು ಎಲ್ಲಿ ಹಾಕತಿ?"

ಈಗ ಈ ಕಥೆಯ ನಿಜವಾದ ಕಳ್ಳನ ವಿಷಯ. ಸೊನ್ನೆ ಹಿಡಿಯುವ ಎಚ್11ಎಎ1 ಸೊನ್ನೆಯನ್ನೇನೂ ಹಿಡಿಯುವುದಿಲ್ಲ. ವೋಲ್ಟೇಜು ಸಾಕಷ್ಟು ಇದ್ದಾಗ ಅದರ ಒಳಗಿನ ಎಲ್‌ಇಡಿ ಉರಿಯುತ್ತದೆ, ಸೊನ್ನೆಯ ಆಚೀಚೆ ಆರಿರುತ್ತದೆ. ಹಾಗಾಗಿ ನ್ಯಾನೋಗೆ ಕಾಣುವುದು ಸೊನ್ನೆಯ ಸುತ್ತ ಒಂದು ಗುಡ್ಡ. ನನ್ನದರಲ್ಲಿ ಆ ಗುಡ್ಡದ ಅಗಲ 1.1 ಮಿಲಿಸೆಕೆಂಡು. ನಿಜವಾದ ಸೊನ್ನೆ ಅದರ ನೆತ್ತಿಯ ನಡುವೆ, ಏರು ಅಂಚಿಗಿಂತ 0.55 ಮಿಲಿಸೆಕೆಂಡು ಆಮೇಲೆ, ಇಳಿ ಅಂಚಿಗಿಂತ 0.55 ಮೊದಲು.

ಇದು ಗೊತ್ತಿಲ್ಲದೆ ಏರು ಅಂಚನ್ನೇ ಸೊನ್ನೆ ಎಂದು ನಂಬಿ ಎಣಿಕೆ ಶುರು ಮಾಡಿದ್ದೆ. ಫಲ: ಬೆಳಕು ಏರಿಸುವ ಸ್ಲೈಡರನ್ನು ಮೇಲಕ್ಕೆ ತಳ್ಳುತ್ತ ಹೋದರೆ ದೀಪ ಚೆನ್ನಾಗಿ ಏರುತ್ತದೆ, ಕೊನೆಯ ಗೆರೆ ಮುಟ್ಟಿದ ಕೂಡಲೇ ಕಪ್ಪು. ಪೂರ್ತಿ ಬೆಳಕಿಗೆಂದು ಕೊಟ್ಟ ಚಿಟಿಕೆ ಹಿಂದಿನ ಅಲೆಯ ಬಾಲಕ್ಕೆ ಬೀಳುತ್ತಿತ್ತು, ತೂಬು ತೆರೆದು ಅರೆಕ್ಷಣದಲ್ಲಿ ಸೊನ್ನೆ ಬಂದು ಮುಚ್ಚುತ್ತಿತ್ತು. ಗುಡ್ಡದ ಅಗಲವನ್ನು ನ್ಯಾನೋದಿಂದಲೇ ಅಳೆಸಿದಾಗ ವಿಷಯ ತಿಳಿಯಿತು.

ತಿದ್ದಿದ್ದು ಹೇಗೆ? ಒಂದು ಶಬ್ದ ಬದಲಿಸಿ. ಏರು ಅಂಚಿನ ಬದಲು ಇಳಿ ಅಂಚಿನಿಂದ ಎಣಿಸು ಎಂದೆ. ಈಗ ಅತಿ ಬೇಗ ಎಂದರೂ ಸೊನ್ನೆಯಾದ 0.55 ಮಿಲಿಸೆಕೆಂಡಿಗೆ ತೂಬು ತೆರೆಯುತ್ತದೆ. ಅಲೆಯ ಆ ತುಣುಕಿನಲ್ಲಿ ಕಳೆದುಕೊಳ್ಳುವ ಶಕ್ತಿ ನೂರರಲ್ಲಿ ಒಂದರ ಹತ್ತನೇ ಭಾಗ, ಯಾರ ಕಣ್ಣಿಗೂ ಕಾಣದು. ಬುದ್ಧಿವಂತಿಕೆ ಮಾಡಿದೆ ಎಂದು ಬೀಗಿದೆ. ಇನ್ನೊಂದು ಸೋಮಾರಿತನವನ್ನೂ ಅದೇ ದಿನ ಮಾಡಿದೆ. ಅರ್ಧ ಅಲೆಯನ್ನು 128 ಹೆಜ್ಜೆಯಾಗಿ ಸೀಳಿ, ಹೆಜ್ಜೆಗೆ 78 ಮೈಕ್ರೋಸೆಕೆಂಡು ಎಂದು ಟೈಮರ್ ಕಟ್ಟಿದ್ದೆ. ದೀಪ ಆರಿಸು ಎಂಬುದಕ್ಕೆ ಬೇರೆ ಸಾಲು ಬರೆಯುವ ಬದಲು 118ನೇ ಹೆಜ್ಜೆಗೆ ಚಿಟಿಕೆ ಕೊಡು ಎಂದು ಬಿಟ್ಟೆ. ಇಳಿ ಅಂಚಿನಿಂದ 9.2 ಮಿಲಿಸೆಕೆಂಡು, ಸೊನ್ನೆಯಿಂದ ಎಣಿಸಿದರೆ 9.75. ಅಷ್ಟು ತಡವಾಗಿ ತೂಬು ತೆರೆದರೆ ದೀಪಕ್ಕೆ ತಲುಪುವುದು ಸೊನ್ನೆಯೇ. ಮನೆಯಲ್ಲಿ ಹದಿನೈದು ದಿನ ಓಡಿಸಿದೆ, ಆರು ಎಂದರೆ ಆರುತ್ತಿತ್ತು.

ಬೆಳಕಿನ ಏರಿಳಿತದ ಪಟ್ಟಿ ಮಾಡಿದ್ದು ಖುಷಿಯ ಕೆಲಸ. ತಡವನ್ನು ಸಮಸಮವಾಗಿ ಹಂಚಿದರೆ ಸ್ಲೈಡರಿನ ಮೊದಲ ಕಾಲು ಭಾಗ ಸುಮ್ಮನೆ ಹೋಗುತ್ತದೆ. 2.5 ಮಿಲಿಸೆಕೆಂಡು ತಡಮಾಡಿದರೂ 91 ಪ್ರತಿಶತ ಶಕ್ತಿ ದೀಪಕ್ಕೆ ಹೋಗೇ ಹೋಗುತ್ತದೆ. ಐದಕ್ಕೆ ಸರಿಯಾಗಿ ಅರ್ಧ, ಏಳೂವರೆಗೆ ಒಂಬತ್ತು. ಅದರ ಮೇಲೆ ಟಂಗ್‌ಸ್ಟನ್ ಬೇರೆ ಆಟ ಆಡುತ್ತದೆ: ಶಕ್ತಿ ಅರ್ಧವಾದರೆ ಬೆಳಕು ಮೂರನೇ ಒಂದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಲೆಕ್ಕದಿಂದ ಒಂದು ಪಟ್ಟಿ ತೆಗೆದೆ, ಆಮೇಲೆ ಕಾಕಾನನ್ನು ಗೋಡೆಯ ಎದುರು ಕೂರಿಸಿ ಕಣ್ಣಳತೆಯಿಂದ ತಿದ್ದಿದೆ. "ಇಲ್ಲಿ ಜಿಗೀತು ನೋಡು", "ಇಲ್ಲಿ ನಿಂತಂಗಾತು" ಎಂದು ಅವರು ಹೇಳಿದ ಒಂಬತ್ತು ಜಾಗ ತಿದ್ದಿದ ಮೇಲೆ ಇಪ್ಪತ್ತು ಸೆಕೆಂಡಿನ ಇಳಿತ ಎಣ್ಣೆ ಹರಿದಂತೆ ಇಳಿಯಿತು. ಏರುವಾಗ ಮಾತ್ರ ಅರ್ಧ ಸೆಕೆಂಡಿಗಿಂತ ಬೇಗ ಏರಬೇಡ ಎಂದು ನ್ಯಾನೋದಲ್ಲೇ ಕಟ್ಟು ಹಾಕಿದೆ, ತಣ್ಣನೆಯ ತಂತಿಯ ಆ ನಲವತ್ತು ಆಂಪಿನ ಏಟು ತಪ್ಪಲೆಂದು.

ಲ್ಯಾಪ್‌ಟಾಪಿನ ಕಡೆ ಹೇಳುವಂಥದ್ದು ಬಹಳಿಲ್ಲ. ಪೈಥಾನಿನಲ್ಲಿ ಅರವತ್ತು ಸಾಲು. ಒಂದು ಕಡತದಲ್ಲಿ ದೃಶ್ಯದ ಹೆಸರು, ಆರು ಚಾನೆಲ್ಲಿನ ಅಂಕಿ, ಎಷ್ಟು ಸೆಕೆಂಡಿನಲ್ಲಿ ಎಂಬುದು. ಸ್ಪೇಸ್ ಒತ್ತಿದರೆ ಮುಂದಿನ ಸಾಲು. ಯುಎಸ್‌ಬಿ ತಂತಿಯಲ್ಲಿ ಅಂಕಿಗಳು ಹೋಗುತ್ತವೆ. ಒಂದು ಕಾಟ ಇತ್ತು, ಪ್ರೋಗ್ರಾಮು ಮತ್ತೆ ತೆರೆದಾಗೊಮ್ಮೆ ನ್ಯಾನೋ ಹೊಸದಾಗಿ ಎದ್ದು ಎಲ್ಲ ದೀಪ ಆರಿಸುತ್ತಿತ್ತು. ರೀಸೆಟ್ ಕಾಲಿಗೂ ಗ್ರೌಂಡಿಗೂ ನಡುವೆ ಹತ್ತು ಮೈಕ್ರೋಫ್ಯಾರಡ್ಡಿನ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಪ್ರೋಗ್ರಾಮು ತುಂಬುವಾಗ ಮಾತ್ರ ಅದನ್ನು ತೆಗೆಯಬೇಕು. ಮರೆತು ಬೈದುಕೊಂಡದ್ದು ಎಷ್ಟು ಸಲವೋ.

ಜಾತ್ರೆಯ ರಾತ್ರಿ ಊರ ಕರೆಂಟಿನ ಮೇಲೆ ಮೂರು ಸಾವಿರ ವ್ಯಾಟು ಎಳೆಯುವ ಧೈರ್ಯ ಕಮಿಟಿಗೆ ಎಂದೂ ಇಲ್ಲ. ನಾಟಕಕ್ಕೆ ಯಾವಾಗಲೂ ಬಾಡಿಗೆಯ ಡೀಸೆಲ್ ಜನರೇಟರು, ಈ ಸಲ 7.5 ಕೆವಿಎದ್ದು, ಟ್ರ್ಯಾಲಿಯ ಮೇಲೆ, ಗುಡಿಯ ಹಿಂದೆ. ಹತ್ತೂವರೆಗೆ ಪರದೆ ಎದ್ದಿತು. ಮೊದಲ ಮೂರು ದೃಶ್ಯ ಬೆಳಕು ಹೇಳಿದಂತೆ ಕೇಳಿತು. ಹಾರ್ಮೋನಿಯಂ ಮೈಕಿನಲ್ಲಿ ಗುಂಯ್ ಎಂಬ ಸದ್ದು ಮಾತ್ರ ಬರುತ್ತಿತ್ತು, ಅದರ ಮಾತು ಆಮೇಲೆ.

ನಾಲ್ಕನೆಯದು ತಾಯಿಯ ಸಾವು. ನನ್ನ ಇಪ್ಪತ್ತು ಸೆಕೆಂಡಿನ ಇಳಿತ. ಸ್ಪೇಸ್ ಒತ್ತಿದೆ. ಹಳದಿ, ಕೆಂಪು, ಕೆಂಡ, ಕತ್ತಲೆ. ಹೆಂಗಸರ ಕಡೆಯಿಂದ ಮೂಗು ಒರೆಸುವ ಸದ್ದು. ಕತ್ತಲೆಯಾಗಿ ಎರಡು ಸೆಕೆಂಡು ಕಳೆದಿರಬೇಕು, ಆರರಲ್ಲಿ ನಾಲ್ಕು ದೀಪ ಒಮ್ಮೆಲೇ ಪೂರ್ತಿ ಹೊತ್ತಿದವು. ಮತ್ತೆ ಕತ್ತಲೆ. ಮತ್ತೆ ಬೆಳಕು. ಸ್ಟೇಜಿನ ಮೇಲೆ ಮಟಮಟ ಮಧ್ಯಾಹ್ನ ಬಂದು ಬಂದು ಹೋಗತೊಡಗಿತು. ಸತ್ತ ತಾಯಿ ಒಂದು ಕಣ್ಣು ತೆರೆದು ಮೇಲೆ ನೋಡಿದ್ದು ಮುಂದಿನ ಸಾಲಿನವರಿಗೆಲ್ಲ ಕಂಡಿತು. ಜನ ಸಿಡಿಲಿನ ಸೀನೆಂದು ತಿಳಿದು ಸಿಳ್ಳೆ ಹಾಕಿದರು. ವಿಂಗಿನಿಂದ ಮಾಸ್ತರರ ದನಿ, "ಸಿಡ್ಲು ಯಾರು ಹಚ್ಚಂದ್ರೋ?"

ನಾನು ಎಂಸಿಬಿ ಇಳಿಸಿ ಪರದೆ ಬಿಡಿಸಿದೆ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಜನರೇಟರಿನವರು ಓಡಿ ಬಂದರು. ತಮ್ಮ ಮಷಿನ್ನಿಗೆ ಏನಾಯಿತೋ ಎಂಬ ಗಾಬರಿ ಅವರದು. "ಸರ, ಏನ್ ಆಟ ಹಚ್ಚೀರಿ? ನೀವು ಲೈಟ್ ಆರಿಸಿದ್ರ ಇಂಜಿನ್ ದನಿ ಏರತೈತ್ರಿ, ಹಚ್ಚಿದ್ರ ಗುರ್ ಅಂತ ಇಳಿತೈತ್ರಿ. ಲೋಡ್ ಇಲ್ಲಂದ್ರ ಅದು ಜ್ವಾರ್ ಓಡತೈತಿ, ಗೊತ್ತಿಲ್ಲೇನ್ರಿ?"

ಕಾರ್ಖಾನೆಯಲ್ಲಿ ಟರ್ಬೈನಿನ ವೇಗ ಕಾಯುವ ಗವರ್ನರ್ ಪಕ್ಕದಲ್ಲೇ ದಿನ ಕಳೆಯುವವನು ನಾನು. ಲೋಡು ಇಳಿದರೆ ವೇಗ ಏರುತ್ತದೆ ಎಂಬುದನ್ನು ಟವೆಲ್ಲಿನವರಿಂದ ಕೇಳಬೇಕಾಯಿತು. ಊರ ಕರೆಂಟು ದೇಶದ ಗ್ರಿಡ್ಡಿಗೆ ಕಟ್ಟಿದ್ದು, 50ರ ಆಚೀಚೆ ಹೆಚ್ಚು ಅಲುಗುವುದಿಲ್ಲ. ಡೀಸೆಲ್ ಇಂಜಿನ್ನಿಗೆ ಅಂಥ ನೇಮ ಇಲ್ಲ. ಆರೂ ದೀಪ ಆರಿದ ಕೂಡಲೇ ಅದು ಹಗುರಾಗಿ ಓಡಿತು, ಅರ್ಧ ಅಲೆಯ ಉದ್ದ 10 ಮಿಲಿಸೆಕೆಂಡಿನಿಂದ 9.5ಕ್ಕೆ ಇಳಿಯಿತು. ನನ್ನ ನ್ಯಾನೋ ಮಾತ್ರ ತನ್ನ ಹರಳಿನ ಗಡಿಯಾರ ನೋಡಿಕೊಂಡು 9.75ಕ್ಕೇ ಚಿಟಿಕೆ ಕೊಡುತ್ತಿತ್ತು. ಅಷ್ಟರಲ್ಲಿ ಆ ಅಲೆ ಮುಗಿದು ಮುಂದಿನದು ಶುರುವಾಗಿಯೇ ಬಿಟ್ಟಿದೆ. ಆರಿಸಲೆಂದು ಕೊಟ್ಟ ಚಿಟಿಕೆ ಹೊಸ ಅಲೆಯ ಬುಡಕ್ಕೇ ಬಿದ್ದು ಪೂರ್ತಿ ತೂಬು ತೆರೆಯಿತು. ದೀಪ ಹೊತ್ತಿದಾಗ ಇಂಜಿನ್ನಿಗೆ ಭಾರ ಬಿತ್ತು, ವೇಗ ಇಳಿಯಿತು, ಅಲೆ ಉದ್ದವಾಯಿತು, ಚಿಟಿಕೆ ಮತ್ತೆ ಬಾಲಕ್ಕೆ ಬಿತ್ತು, ಕತ್ತಲೆ. ಕತ್ತಲೆಯಾದ ಕೂಡಲೇ ಭಾರ ಹೋಯಿತು. ಹೀಗೆ ದೀಪಗಳೂ ಇಂಜಿನ್ನೂ ಒಂದಕ್ಕೊಂದು ಕೈ ಕೊಟ್ಟು ಉಯ್ಯಾಲೆ ಆಡುತ್ತಿದ್ದವು. ಏರು ಅಂಚನ್ನು ಬಿಟ್ಟು ಇಳಿ ಅಂಚು ಹಿಡಿದಾಗ ಬಾಗಿಲ ಮುಂದಿನ ಕಸವನ್ನು ಹಿತ್ತಿಲಿಗೆ ಸರಿಸಿದ್ದೆ ಅಷ್ಟೆ.

ಆ ರಾತ್ರಿಯ ಮದ್ದು ಜನರೇಟರಿನವರದೇ. ಗುಡಿಯ ಹಿಂದಿನ ಬಯಲಿಗೆ ಎರಡು ಸಾವಿರ ವ್ಯಾಟಿನ ದೀಪ ಹಚ್ಚಿ ಬೆಳಗಿನವರೆಗೆ ಬಿಟ್ಟರು, ಸ್ಟೇಜು ಕತ್ತಲಾದರೂ ಇಂಜಿನ್ನಿಗೆ ಕೆಲಸ ಇರಲೆಂದು. ಮುಂದಿನ ದೃಶ್ಯಗಳಲ್ಲಿ ಕತ್ತಲೆ ಕತ್ತಲೆಯಾಗಿಯೇ ಉಳಿಯಿತು. ಸಿಡಿಲು ಚೆನ್ನಾಗಿತ್ತು ಎಂದು ಮರುದಿನ ಮೂವರು ಹೇಳಿದರು. ತಾಯಿಯ ಪಾತ್ರದವರಿಗೆ ನಾನಿನ್ನೂ ಮುಖ ತೋರಿಸಿಲ್ಲ.

ಒಂದು ವಾರ ಬಿಟ್ಟು ಡಬ್ಬಿ, ಲ್ಯಾಪ್‌ಟಾಪು, ಆರು ದೀಪ ಹೊತ್ತುಕೊಂಡು ಜನರೇಟರಿನವರ ಶೆಡ್ಡಿಗೇ ಹೋದೆ. ಡೀಸೆಲ್ ಖರ್ಚು ನನ್ನದು, ಚಹಾ ಅವರದು. ಅಳೆದಾಗ ಖಾಲಿ ಓಟಕ್ಕೆ ಅರ್ಧ ಅಲೆ 9.52 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ 50ರ ಬದಲು 52.5 ಸಲ. ಎರಡು ಸಾವಿರ ವ್ಯಾಟು ಹಾಕಿದರೆ ಅಲೆ ಮತ್ತೆ ಉದ್ದವಾಗುತ್ತಿತ್ತು.

ತಿದ್ದಿದ್ದು ಇಷ್ಟು. ಹೆಜ್ಜೆಗೆ 78 ಮೈಕ್ರೋಸೆಕೆಂಡು ಎಂಬ ಅಂಕಿಯನ್ನೇ ಅಳಿಸಿಹಾಕಿದೆ. ಅಂಚಿನಿಂದ ಅಂಚಿಗೆ ಎಷ್ಟು ಹೊತ್ತು ಎಂದು ನ್ಯಾನೋ ಪ್ರತಿ ಸಲ ಅಳೆಯುತ್ತದೆ, ಅದನ್ನು 128ರಿಂದ ಭಾಗಿಸಿ ಹೆಜ್ಜೆಯ ಉದ್ದ ಇಟ್ಟುಕೊಳ್ಳುತ್ತದೆ. ಇಂಜಿನ್ ಓಡಿದರೆ ಹೆಜ್ಜೆಯೂ ಓಡುತ್ತದೆ. ಆರಿಸು ಎಂದರೆ ಈಗ ಚಿಟಿಕೆಯೇ ಇಲ್ಲ. ಅತಿ ಮಂದ ಬೆಳಕಿಗೂ 115ನೇ ಹೆಜ್ಜೆ ದಾಟಬಾರದು.

ಅಳೆಯಲು ಹೋದಾಗ ಇನ್ನೆರಡು ಹುಳುಕು ಹೊರಬಿದ್ದವು. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಎಂದು ಅಂಕಿಗಳು ಬರುತ್ತಿದ್ದವು. ಇಂಜಿನ್ ಕುಂಟುತ್ತಿದೆಯೆಂದು ಮೊದಲು ಅನಿಸಿತು. ಕುಂಟುತ್ತಿದ್ದದ್ದು ನನ್ನ ಎಚ್11ಎಎ1. ಅದರೊಳಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಎಲ್‌ಇಡಿಗಳಿವೆ, ಎರಡೂ ತದ್ರೂಪು ಇರುವುದಿಲ್ಲ. ಅದಕ್ಕೇ ಎರಡು ಅಂಚು ಕೂಡಿಸಿ ಅರ್ಧ ಮಾಡಿದೆ, ಹದಿನಾರು ಅಳತೆಯ ಸರಾಸರಿ ತೆಗೆದೆ. ಎರಡನೆಯದು ಟ್ರಯಾಕುಗಳದೇ ಕಿತಾಪತಿ. ಸಣ್ಣ ಜನರೇಟರಿನ ಮೇಲೆ ಆರು ತೂಬು ಒಟ್ಟಿಗೆ ತೆರೆದರೆ ವೋಲ್ಟೇಜು ಕ್ಷಣ ಹೊತ್ತು ಕುಸಿಯುತ್ತದೆ, ನ್ಯಾನೋ ಅದನ್ನೇ ಇನ್ನೊಂದು ಸೊನ್ನೆ ಎಂದು ಎಣಿಸಿಬಿಡುತ್ತದೆ. ಒಂದು ಅಂಚು ಬಂದ ಮೇಲೆ ಎಂಟು ಮಿಲಿಸೆಕೆಂಡು ಕಣ್ಣು ಮುಚ್ಚಿಕೊ ಎಂದು ಬರೆದೆ. ಜನರೇಟರಿನವರು ದೀಪ ಹಚ್ಚಿ, ಆರಿಸಿ, ವೇಗದ ಸ್ಕ್ರೂ ತಿರುವಿ, ಇಂಜಿನ್ನು ಅಳುವಂತೆ ಮಾಡಿ ನೋಡಿದರು. ಕತ್ತಲೆ ಕದಲಲಿಲ್ಲ.

ಮೈಕಿನ ಗುಂಯ್ ಪೂರ್ತಿ ಹೋಗಿಲ್ಲ. ಅಲೆಯನ್ನು ನಡುವೆ ಕತ್ತರಿಸಿದರೆ ಸದ್ದು ಹುಟ್ಟುವುದು ಸಹಜ, ಅರ್ಧ ಶಕ್ತಿಯಲ್ಲಿ ಅತಿ ಹೆಚ್ಚು. ಫೆರೈಟಿನ ಬಳೆಗೆ ತಾಮ್ರದ ತಂತಿ ಸುತ್ತಿ ಚಾನೆಲ್ಲಿಗೊಂದು ಚೋಕು ಹಾಕಿದೆ, ಅರ್ಧಕ್ಕೆ ಇಳಿಯಿತು. ಮೈಕಿನ ತಂತಿಯನ್ನು ಲೈಟಿನ ತಂತಿಯ ಜೊತೆ ಒಂದೇ ಕಟ್ಟಾಗಿ ಬಿಗಿದಿದ್ದರು, ಅದನ್ನು ಬಿಡಿಸಿ ಸ್ಟೇಜಿನ ಇನ್ನೊಂದು ಮಗ್ಗುಲಿಂದ ತಂದರೆ ಇನ್ನಷ್ಟು ಇಳಿದೀತು. ಶೆಡ್ಡಿನಲ್ಲಿ ಅದನ್ನು ನೋಡಲು ಆಗಲಿಲ್ಲ, ಮಾಸ್ತರರು ಹಾರ್ಮೋನಿಯಂ ಕಳಿಸಲು ಒಪ್ಪಲಿಲ್ಲ. ಇನ್ನೊಂದು ಚಿಕ್ಕ ಸಂಗತಿ: ಟ್ರಯಾಕಿನ ಅಡ್ಡ ಹಾಕಿದ 0.1 ಮೈಕ್ರೋಫ್ಯಾರಡ್ಡಿನ ಕೆಪಾಸಿಟರಿನಿಂದ ಏಳು ಮಿಲಿಆಂಪಿನಷ್ಟು ಸೋರುತ್ತದೆ. ಪರೀಕ್ಷೆಗೆಂದು ಸಣ್ಣ ಎಲ್‌ಇಡಿ ಬಲ್ಬು ಹಾಕಿದರೆ ಆರಿದ ಚಾನೆಲ್ಲಿನಲ್ಲೂ ಅದು ಮಿಣಿಮಿಣಿ ಎನ್ನುತ್ತದೆ. ಟ್ರಯಾಕ್ ಸತ್ತಿತೆಂದು ಗಾಬರಿಯಾಗುವ ಮುಂಚೆ ತಂತಿಯ ಬಲ್ಬು ಹಾಕಿ ನೋಡಿ.

ಕಾಕಾ ಶೆಡ್ಡಿಗೂ ಬಂದಿದ್ದರು. ಇಪ್ಪತ್ತು ಸೆಕೆಂಡಿನ ಇಳಿತವನ್ನು ನಾಲ್ಕು ಸಲ ಮಾಡಿಸಿ ನೋಡಿ, ಬರುವ ವರ್ಷಕ್ಕೆ ಮೂವತ್ತು ಮಾಡು ಎಂದರು. ಕಡತದಲ್ಲಿ ಒಂದು ಅಂಕಿ ತಿದ್ದಿದರೆ ಆಯಿತು. ಚಿಂತೆ ಇರುವುದು ದೀಪದ್ದು. ಈಗ ಅಂಗಡಿಗೆ ಹೋಗಿ ಐದುನೂರು ವ್ಯಾಟಿನ ಹ್ಯಾಲೋಜನ್ ಟ್ಯೂಬು ಕೇಳಿದರೆ ಎಲ್‌ಇಡಿ ತೋರಿಸುತ್ತಾರೆ. ಮುಧೋಳದ ಒಂದು ಅಂಗಡಿಯ ಅಟ್ಟದ ಮೇಲೆ ಹನ್ನೆರಡು ಉಳಿದಿದ್ದವು, ಹನ್ನೆರಡನ್ನೂ ತಂದೆ. ಬರಿಗೈಯಿಂದ ಮುಟ್ಟದೆ ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ ಕಾಕಾ ತಮ್ಮ ಟ್ರಂಕಿನಲ್ಲಿ ಧೋತರದ ಮಡಿಕೆಗಳ ನಡುವೆ ಇಟ್ಟಿದ್ದಾರೆ, ಬೀಗ ಹಾಕಿ.